ಹಳಿಯ ಮೇಲಿನ ಹಾದಿ

ಮೊನ್ನೆ ಕೈಲಾಂಚದ ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ನನ್ನ ಸೋದರಳಿಯನು ತನ್ನ ರಜೆಯ ಕಾರ್ಯಕ್ರಮವನ್ನು ವಿವರಿಸುತ್ತಲಿದ್ದನು. ಗೆಳೆಯರೊಡನೆ ಸಕಲೇಶಪುರಕ್ಕೆ ಹೋಗುವುದು. ಅಲ್ಲಿಂದ ಸುಬ್ರಹ್ಮಣ್ಯದ ಕಡೆಗೆ ರೈಲು ಹಳಿಯ ಮೇಲೆಯೇ ನಡೆಯುವುದು!

“ಮಾವ, ನೀವೂ ನಡೆದಿದ್ದಿರಲ್ಲವೆ?” ಎಂದನು.

ನಡೆದದ್ದು ನಿಜ. ಆದರೆ ಆಗ ಆ ಹಳಿಯ ಮೇಲೆ ರೈಲು ಇರಲಿಲ್ಲ.

ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ ತೆರೆದದ್ದು 1979ರಲ್ಲಿ. ಘಟ್ಟದಲ್ಲಿ ಅದು 50 ಅಡಿ ಸಾಗಿದರೆ 1 ಅಡಿ ಇಳಿಯುತ್ತದೆ. 50ಕ್ಕೂ ಹೆಚ್ಚು ಸುರಂಗಗಳನ್ನು, 100ಕ್ಕೂ ಹೆಚ್ಚು ಸೇತುವೆಗಳನ್ನು ದಾಟುತ್ತದೆ. 1996ರಲ್ಲಿ ಬ್ರಾಡ್ ಗೇಜ್‌ಗೆ ಬದಲಿಸಲೆಂದು ಸಂಚಾರವನ್ನು ನಿಲ್ಲಿಸಿದರು. ಗಾಡಿ ಹೋದಲ್ಲಿಗೆ ಕಾಲ್ನಡಿಗೆಯವರು ಬಂದರು. 2001ರ ಚಳಿಗಾಲದಲ್ಲಿ ಯಡಕುಮರಿಯ ಬಳಿ ಸೇತುವೆಯೊಂದರ ನಡುವೆ ನಿಂತು, ಸ್ಲೀಪರುಗಳ ಸಂದಿನಿಂದ ಕೆಳಗಿನ ಹೊಳೆಯನ್ನು ಕಂಡಾಗ ನನ್ನ ಕಾಲು ನಡುಗಿದ್ದು ಇಂದಿಗೂ ನೆನಪಿದೆ. ಅಂದು ಹೆದರಬೇಕಾದದ್ದು ಆಳಕ್ಕೆ ಮಾತ್ರ.

2006ರಲ್ಲಿ ಸರಕು ಗಾಡಿಗಳೂ 2007ರಲ್ಲಿ ಪ್ರಯಾಣಿಕರ ಗಾಡಿಗಳೂ ಮರಳಿದವು. ಹಾದಿಯ ಖ್ಯಾತಿ ಮಾತ್ರ ಅಳಿಯಲಿಲ್ಲ. ಸುರಂಗದ ತಿರುವು ನೋಟವನ್ನು ಮರೆಮಾಡುತ್ತದೆ. ಹೊಳೆಯ ಮೊರೆತ ಗಾಡಿಯ ಸದ್ದನ್ನು ನುಂಗುತ್ತದೆ. ಇಳಿಜಾರಿನಲ್ಲಿ ಬರುವ ಭಾರದ ಗಾಡಿ ಥಟ್ಟನೆ ನಿಲ್ಲಲಾರದು. ಸೇತುವೆಯ ನಡುವೆ ಸಿಕ್ಕವನು ಎತ್ತ ಓಡಬೇಕು? ಅಪ್ಪಣೆಯಿಲ್ಲದೆ ಹಳಿಯ ಮೇಲೆ ನಡೆಯುವುದು 1989ರ ರೈಲ್ವೆ ಕಾಯಿದೆಯಂತೆ ಅಪರಾಧವೂ ಹೌದು.

ಹಾಗೆಂದು ರೈಲು ಸೇತುವೆಯ ಮೇಲೆ ನಡೆಯುವ ಆಸೆಯೇ ತಪ್ಪೆನ್ನಲಾರೆ. ಅಮೆರಿಕದ ಫ್ಲಾರಿಡಾದಲ್ಲಿ ದ್ವೀಪದಿಂದ ದ್ವೀಪಕ್ಕೆ ಸೇತುವೆ ಕಟ್ಟಿ, 1912ರಲ್ಲಿ ಕೀ ವೆಸ್ಟ್‌ವರೆಗೆ ರೈಲು ಓಡಿಸಿದರು. 1935ರ ಬಿರುಗಾಳಿ ದಾರಿಯ ಮಣ್ಣಿನ ಏರಿಗಳನ್ನು ಕೊಚ್ಚಿಕೊಂಡು ಹೋಯಿತು; ಕಾಂಕ್ರೀಟ್ ಕಮಾನಿನ ಸೇತುವೆಗಳು ನಿಂತವು. ರೈಲು ಮತ್ತೆ ಬರಲಿಲ್ಲ. 1938ರಿಂದ ಅವುಗಳ ಮೇಲೆ ಮೋಟಾರುಗಳು ಓಡಿದವು. ಮುಂದೆ ಅವಕ್ಕೂ ಹೊಸ ಸೇತುವೆಗಳಾದ ಬಳಿಕ, 2 ಮೈಲಿಗೂ ಮಿಕ್ಕ ಉದ್ದದ ಲಾಂಗ್ ಕೀ ಸೇತುವೆ ನಡೆಯುವವರಿಗೂ ಸೈಕಲ್ಲಿನವರಿಗೂ ಮೀಸಲಾಯಿತು.

ಅಲ್ಲಿ ರೈಲು ಬಿಟ್ಟುಕೊಟ್ಟಿತು, ಜನ ಪಡೆದರು. ಇಲ್ಲಿ ರೈಲು ಮರಳಿ ಬಂದಿದೆ, ಬಿಟ್ಟುಕೊಡಬೇಕಾದವರು ನಾವು. ನಮ್ಮಲ್ಲಿಯೂ ರೈಲು ತೊರೆದ ಸೇತುವೆಗಳಿದ್ದರೆ, ಅವುಗಳನ್ನು ಪರೀಕ್ಷಿಸಿ, ಕಟಕಟೆ ಹಾಕಿಸಿ ನಡೆಯುವವರಿಗೆ ಕೊಡುವುದು ಸರಕಾರಕ್ಕೆ ಶೋಭೆ. ಅದಾಗುವವರೆಗೆ ತರುಣರು ಪ್ರಾಣವನ್ನು ಪಣವೊಡ್ಡುವುದು ಸಾಹಸವಲ್ಲ.

ಅಳಿಯನು ಬಹಳ ಹೊತ್ತು ಮೌನವಾಗಿದ್ದನು. ಕೊನೆಗೆ, “ಹಾಗಾದರೆ ಹಗಲು ಗಾಡಿಗೆ ಟಿಕೆಟು ತೆಗೆಸುತ್ತೇನೆ. ಕಿಟಕಿಯ ಪಕ್ಕ ನೀವು ಕೂರುವಿರಾ, ಮಾವ?” ಎಂದನು.

ಒಪ್ಪಿದ್ದೇನೆ. ಆ ಸೇತುವೆಯನ್ನು ಕಾಲು ನಡುಗದೆ ಒಮ್ಮೆ ದಾಟಬೇಕೆಂದು ನನಗೂ ಆಸೆಯಿದೆ.