ಮಡಿ ಎತ್ತರಿಸಿದರೆ ಸಾಲದು

ನಾನಿರುವ ಶಿರೂರು ಬೈಂದೂರಿನದಲ್ಲ, ಅಂಕೋಲಾದ್ದೂ ಅಲ್ಲ; ಪುಣೆ ಜಿಲ್ಲೆಯ ಘೋಡ್ ನದಿ ದಂಡೆಯದು. ಮಳೆನೆರಳಿನ ಸೀಮೆ. ಇಲ್ಲಿ ನೀರು ನಿಂತು ಗಿಡ ಸಾಯುತ್ತದೆ ಎಂದರೆ ಕರಾವಳಿಯ ಗೆಳೆಯರು ನಗುತ್ತಾರೆ. ಆದರೆ ಸೆಪ್ಟೆಂಬರಿನ ಮಳೆ ಕೆಲವೊಮ್ಮೆ ಒಂದೇ ಸಂಜೆಗೆ ಸುರಿದುಬಿಡುತ್ತದೆ. ಕೆಳಗಿರುವುದೋ ನಮ್ಮ ವಿಜಯಪುರ, ಗದಗದ ಎರೆಯಂಥದೇ ಕಪ್ಪು ಮಣ್ಣು. ಬೇಸಿಗೆಯಲ್ಲಿ ಬಿರಿಯುತ್ತದೆ, ನೆನೆದರೆ ಉಬ್ಬಿ, ಬಿರುಕೆಲ್ಲ ಮುಚ್ಚಿಕೊಂಡು ನೀರನ್ನು ಇಳಿಯಗೊಡುವುದಿಲ್ಲ. ಇಟ್ಟಿಗೆ ಕಟ್ಟಿ ಇದೇ ಮಣ್ಣು ತುಂಬಿದ ಏರುಮಡಿ, ಮಳೆ ಬಂದಾಗ ತೊಟ್ಟಿಯೇ ಸರಿ.

ಎರಡು ತಿಂಗಳು ಸಾಕಿದ ಟೊಮೆಟೊ, ಬದನೆ ನಾಲ್ಕೇ ದಿನದಲ್ಲಿ ಹಳದಿಯಾಗಿ ಜೋಲುತ್ತವೆ. ನೀರು ಸಾಲದೆಂದು ಇನ್ನೊಂದು ಕೊಡ ಸುರಿಯುವವರಿದ್ದಾರೆ. ಬೇಡ. ಬೇರಿಗೆ ಗಾಳಿಯೂ ಬೇಕು. ಸಂದುಗಳಲ್ಲೆಲ್ಲ ನೀರೇ ತುಂಬಿದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರಲ್ಲಿದ್ದೂ ನೀರೆಳೆಯಲಾರದು. ಒಂದು ಗೇಣು ಬಗೆದು ಮೂಸಿ ನೋಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಕಾರಣ ಅದೇ.

ಮೊದಲು ನೀರಿಗೆ ಹೊರದಾರಿ ಕೊಡಿ. ಕೆಳಸಾಲಿನ ಇಟ್ಟಿಗೆಗಳ ನಡುವೆ ಅಲ್ಲಲ್ಲಿ ಸಂದು ಬಿಡಿಸಿ. ಮಡಿಯ ಸುತ್ತ ಗೇಣು ಆಳದ ಬಸಿಗಾಲುವೆ ತೆಗೆದು ಇಳಿಜಾರಿನ ಕಡೆ ತಿರುಗಿಸಿ. ಹಸಿ ಮಡಿಯ ಮೇಲೆ ಕಾಲಿಡಬೇಡಿ, ಅಗೆಯಲೂ ಬೇಡಿ. ಮಣ್ಣು ಇನ್ನಷ್ಟು ಗಟ್ಟಿಯಾಗುತ್ತದೆ.

ತಳಕ್ಕೆ ಜಲ್ಲಿ ಹಾಕಿದರೆ ಬಸಿಯುತ್ತದೆ ಎಂಬ ನಂಬಿಕೆ ಎಲ್ಲ ಕಡೆ ಇದೆ. ಜಿಗುಟು ಮಣ್ಣು ಪೂರ್ತಿ ನೆನೆಯುವ ತನಕ ನೀರು ಜಲ್ಲಿಗೆ ಇಳಿಯುವುದೇ ಇಲ್ಲ. ಬೇರಿಗೆ ಸಿಗುವ ಜಾಗ ಮಾತ್ರ ಕಡಿಮೆಯಾಗುತ್ತದೆ. ಎರೆಗೆ ಒಂದೆರಡು ಬುಟ್ಟಿ ಮರಳು ಬೆರೆಸಿದರೂ ಪ್ರಯೋಜನವಿಲ್ಲ. ಮಣ್ಣನ್ನು ಸಡಿಲಿಸುವುದು ಕಳಿತ ಗೊಬ್ಬರ. ಪ್ರತಿ ಹಂಗಾಮಿಗೂ ಎರಡು ಬೆರಳು ದಪ್ಪ ಹರಡಿ, ಮಣ್ಣು ಆರಿದ ಮೇಲೆ ಬೆರೆಸಿ.

ಎಷ್ಟು ಆರಬೇಕು? ಇಲ್ಲಿಯ ರೈತರು ‘ವಾಫಸಾ’ ಬರಲಿ ಅನ್ನುತ್ತಾರೆ. ನಮ್ಮ ‘ಹದ’ ಅಂದರೆ ಅದೇ: ಮಣ್ಣಿನಲ್ಲಿ ತೇವವೂ ಇರಬೇಕು, ಗಾಳಿಯೂ ಆಡಬೇಕು. ಒಂದು ಹಿಡಿ ಮಣ್ಣು ಉಂಡೆ ಕಟ್ಟಿ ಹೆಬ್ಬೆರಳಿನಿಂದ ಒತ್ತಿ. ಉದುರಿದರೆ ಹದ ಬಂದಿದೆ. ಅಂಟಿದರೆ ಇನ್ನೂ ಕಾಯಿರಿ. ಹದ ಬಂದ ಮೇಲೆ ಕೊಳೆತ ಗಿಡ ಕಿತ್ತು ಮೆಂತ್ಯ ಬಿತ್ತಿ, ತಿಂಗಳೊಳಗೆ ಸೊಪ್ಪು ಕೈಗೆ ಬರುತ್ತದೆ.

ಮುಂಬೈ, ಬೆಂಗಳೂರಿನ ತಾರಸಿಯವರಿಗೂ ಮಾತು ಇದೇ. ಮುಂದಿನ ಮಳೆಗೆ ಮೊದಲು ಚೀಲ, ಕುಂಡಗಳ ತಳ ಎತ್ತಿ ನೋಡಿ, ತೂತು ಕಟ್ಟಿಕೊಂಡಿದ್ದರೆ ಒಂದು ಕಡ್ಡಿ ಆಡಿಸಿ.