ನಾಲ್ಕು ಇನ್ನಿಂಗ್ಸಿನ ನ್ಯಾಯ

"ಬೆಳೆಯುವ ಸಿರಿ ಮೊಳಕೆಯಲ್ಲಿ" ಎಂಬ ಗಾದೆಯಷ್ಟು ದುರುಪಯೋಗಕ್ಕೆ ಒಳಗಾದ ಮಾತು ಕನ್ನಡದಲ್ಲಿ ಇನ್ನೊಂದಿರಲಾರದು. ಮೊಳಕೆಗೆ ನೀರೆರೆಯಿರಿ, ಬೇಲಿ ಕಟ್ಟಿರಿ ಎಂದು ಹಿರಿಯರು ಹೇಳಿದ ಮಾತನ್ನು ನಾವು ಮೊಳಕೆಯನ್ನು ಕಿತ್ತು ಬೇರು ಎಷ್ಟುದ್ದ ಇಳಿದಿದೆ ಎಂದು ಅಳೆಯುವುದಕ್ಕೆ ಸಿಕ್ಕ ಪರವಾನಗಿ ಎಂದುಕೊಂಡಿದ್ದೇವೆ. ಈ ಚಟ ಎಲ್ಲ ಕಡೆಯೂ ಇದೆ. ಆದರೆ ಕ್ರಿಕೆಟ್ ಆಟದಲ್ಲಿ, ಅದರಲ್ಲೂ ಹೊಸದಾಗಿ ಕಣಕ್ಕಿಳಿದ ಹುಡುಗರ ವಿಷಯದಲ್ಲಿ, ಅದು ಮಿತಿಮೀರಿದೆ. ಆ ಬಗ್ಗೆ ನಾಲ್ಕು ಮಾತು ಬರೆಯಲೇಬೇಕಾದ ಪ್ರಸಂಗವೊಂದು ಒದಗಿತು.

ಕಳೆದ ಬೇಸಿಗೆಯಲ್ಲಿ ವೆಸ್ಟ್ ಮಾಂಬಲಂನಲ್ಲಿರುವ ನಮ್ಮ ಬಳಗದ ಸದಸ್ಯರೊಬ್ಬರ ಮನೆಯಲ್ಲಿ ಐದಾರು ಕುಟುಂಬಗಳು ಕಲೆತಿದ್ದೆವು. ಟಿ.ವಿ.ಯಲ್ಲಿ ಐಪಿಎಲ್ ನಡೆಯುತ್ತಿತ್ತು. ಹೊಸಬನೊಬ್ಬ ಆಡಲು ಬಂದ. ಅದು ಅವನ ಎರಡನೆಯ ಪಂದ್ಯ. ನಾಲ್ಕಾರು ಎಸೆತ ಎದುರಿಸಿ ಔಟಾಗಿ ಹೊರಟ. "ಇವನನ್ನು ಯಾರಪ್ಪಾ ಆರಿಸಿದವರು?", "ದುಡ್ಡು ದಂಡ", "ಮೊದಲು ಊರಿಗೆ ಕಳಿಸಲಿ" – ಉಪ್ಪಿಟ್ಟಿನ ತಟ್ಟೆ ಹಿಡಿದ ನಮ್ಮೆಲ್ಲರ ಬಾಯಿಂದಲೂ ಒಂದೊಂದು ತೀರ್ಪು ಬಂತು. ಆ ಮನೆಯ ಹದಿನೇಳರ ಹುಡುಗ ಆ ವರ್ಷವೇ ನಗರದ ಲೀಗಿನ ಕೆಳಗಿನ ವಿಭಾಗವೊಂದರಲ್ಲಿ ಆಡತೊಡಗಿದ್ದ. ಮೂರು ಪಂದ್ಯಗಳಿಂದ ಅವನ ಗಳಿಕೆ 19 ರನ್. ಅವನು ಮೂಲೆಯಲ್ಲಿ ಕುಳಿತು ಎಲ್ಲವನ್ನೂ ಕೇಳಿಸಿಕೊಂಡ. ತಿಂಡಿ ಅರ್ಧಕ್ಕೇ ಬಿಟ್ಟು ಎದ್ದುಹೋದ. ರಾತ್ರಿ ಬ್ಯಾಟಿನ ಚೀಲವನ್ನು ಅಟ್ಟಕ್ಕೆ ಎತ್ತಿಟ್ಟನೆಂದು ಮರುದಿನ ಅವನ ತಾಯಿ ಹೇಳಿದಾಗ ನಮಗಾದ ನಾಚಿಕೆ ಅಷ್ಟಿಷ್ಟಲ್ಲ.

ನಮ್ಮ ಅಪರಾಧ ಇದೊಂದೇ ಅಲ್ಲ. ಇದಕ್ಕಿಂತ ದೊಡ್ಡದೊಂದನ್ನು ಇಲ್ಲಿ ಒಪ್ಪಿಕೊಳ್ಳಬೇಕಾಗಿದೆ.

2016ರ ಡಿಸೆಂಬರ್ ತಿಂಗಳನ್ನು ಚೆನ್ನೈ ಕನ್ನಡಿಗರು ಮರೆತಿರಲಾರರು. 12ರಂದು ವರ್ದಾ ಚಂಡಮಾರುತ ಅಪ್ಪಳಿಸಿ ಬೀದಿಬೀದಿಗಳಲ್ಲಿ ಮರಗಳು ಉರುಳಿದ್ದವು. ಚೇಪಾಕದಲ್ಲಿ ಕೆಂಡದಿಂದ ಪಿಚ್ ಒಣಗಿಸಿ, 16ರಂದು ಇಂಗ್ಲೆಂಡಿನ ವಿರುದ್ಧ ಟೆಸ್ಟ್ ಪಂದ್ಯ ಆರಂಭಿಸಿದರು. ಮಾಂಬಲಂನಲ್ಲಿ ರೈಲು ಹತ್ತಿ, ಪಾರ್ಕ್ ನಿಲ್ದಾಣದಲ್ಲಿ ಗಾಡಿ ಬದಲಿಸಿ ನಾವೂ ಹೋಗಿದ್ದೆವು. ಮೊದಲು ನಮ್ಮ ಕೆ.ಎಲ್. ರಾಹುಲ್ 199ಕ್ಕೆ ಔಟಾಗಿ ಎಲ್ಲರ ಎದೆಯನ್ನೂ ಚುರುಕ್ಕೆನ್ನಿಸಿದರು. 19ರಂದು, ಸೋಮವಾರ, ಕರುಣ್ ನಾಯರ್ ಅಜೇಯ 303 ರನ್ ಹೊಡೆದರು. ಇದೇ ಮಾಂಬಲಂ ಬೀದಿಗಳಲ್ಲಿ ಆಡಿ ಬೆಳೆದ ಅಶ್ವಿನ್ 67 ರನ್ ಗಳಿಸಿ ಅವರಿಗೆ ಜೊತೆ ನಿಂತರು. ಸೆಹವಾಗರನ್ನು ಬಿಟ್ಟರೆ ಟೆಸ್ಟಿನಲ್ಲಿ ತ್ರಿಶತಕ ಹೊಡೆದ ಭಾರತೀಯ ಇವರೊಬ್ಬರೇ. ಜೋಧಪುರದಲ್ಲಿ ಮಲಯಾಳಿ ಕುಟುಂಬದಲ್ಲಿ ಹುಟ್ಟಿ, ಬೆಂಗಳೂರಿನಲ್ಲಿ ಬೆಳೆದು, ಕರ್ನಾಟಕಕ್ಕೆ ಆಡಿದ ಈ ಹುಡುಗನನ್ನು ಆ ಸಂಜೆ ನಾವು "ಇನ್ನೊಬ್ಬ ದ್ರಾವಿಡ್" ಎಂದು ಸಾರಿಬಿಟ್ಟೆವು. ಹೊಸದರಲ್ಲಿ ಅಗಸ ಗೋಣಿ ಎತ್ತಿ ಎತ್ತಿ ಒಗೆದನಂತೆ; ನಮ್ಮ ಹೊಗಳಿಕೆಯೂ ಹಾಗೆಯೇ.

ಮುಂದೇನಾಯಿತು? ಅದರ ಮುಂದಿನ ಟೆಸ್ಟ್ ಹೈದರಾಬಾದಿನಲ್ಲಿ. ಗಾಯದಿಂದ ಗುಣವಾಗಿ ರಹಾನೆ ಬಂದರೆಂದು ತ್ರಿಶತಕದ ವೀರ ಹೊರಗೆ ಕುಳಿತರು. ಬಳಿಕ ಆಸ್ಟ್ರೇಲಿಯದ ವಿರುದ್ಧ ನಾಲ್ಕು ಇನ್ನಿಂಗ್ಸ್: 26, 0, 23, 5. ಮುಗಿಯಿತು. 2017ರ ಮಾರ್ಚ್ ಕಳೆಯುವಷ್ಟರಲ್ಲಿ "ಒಂದೇ ಇನ್ನಿಂಗ್ಸಿನ ಗಿರಾಕಿ" ಎಂಬ ಮಾತು ಎಲ್ಲ ಕಡೆಯೂ ಕೇಳಿಬಂತು, ನಮ್ಮ ಬಾಯಿಂದಲೂ ಬಂತು. ಡಿಸೆಂಬರಿನಲ್ಲಿ ಎದ್ದು ನಿಂತು ಚಪ್ಪಾಳೆ ತಟ್ಟಿದ ಕೈಗಳೇ ಯುಗಾದಿಯ ಹೊತ್ತಿಗೆ ಅವರನ್ನು ಬಾಗಿಲಿಂದಾಚೆ ನೂಕಿದವು. 2018ರಲ್ಲಿ ಇಂಗ್ಲೆಂಡಿಗೆ ಹೋದ ತಂಡದಲ್ಲಿ ಅವರಿದ್ದರು. ಸರಣಿಯುದ್ದಕ್ಕೂ ಕಾದರು. ಆದರೆ ಕೊನೆಯ ಟೆಸ್ಟಿಗೆ, ನಡುವೆ ಬಂದು ಸೇರಿದ ಹನುಮ ವಿಹಾರಿಯನ್ನು ಆಡಿಸಿದರು. ವಿಹಾರಿಯದು ತಪ್ಪಿಲ್ಲ, ಅವರು ಅರ್ಧಶತಕ ಹೊಡೆದರು. ಆದರೆ ಕಾದು ಕುಳಿತವನಿಗೆ ಆದದ್ದು ನ್ಯಾಯವೆಂದು ಯಾರಾದರೂ ಹೇಳಬಲ್ಲರೆ? ಮತ್ತೊಂದು ಟೆಸ್ಟ್ ಆಡಲು ಕರುಣ್ 2025ರ ಜೂನ್ ತನಕ, ಎಂದರೆ ಎಂಟು ವರ್ಷಕ್ಕೂ ಮೇಲೆ, ಕಾಯಬೇಕಾಯಿತು. ಆ ನಡುವೆ ಕರ್ನಾಟಕ ತಂಡದಲ್ಲೂ ಜಾಗ ಕಳೆದುಕೊಂಡು, ಕ್ರಿಕೆಟ್ಟೇ ಇನ್ನೊಂದು ಅವಕಾಶ ಕೊಡು ಎಂದು 2022ರಲ್ಲಿ ಬಹಿರಂಗವಾಗಿ ಮೊರೆಯಿಟ್ಟು, ವಿದರ್ಭಕ್ಕೆ ಹೋಗಿ ಆಡಿ, 2025ರ ರಣಜಿ ಫೈನಲಿನಲ್ಲಿ 86 ಮತ್ತು 135 ಹೊಡೆದು ಆ ತಂಡ ಗೆಲ್ಲಲು ನೆರವಾದ ಮೇಲೆ ಬಾಗಿಲು ತೆರೆಯಿತು. ಆಗ ಅವರಿಗೆ 33 ವರ್ಷ. ಇಂಗ್ಲೆಂಡಿನಲ್ಲಿ ನಾಲ್ಕು ಟೆಸ್ಟ್ ಆಡಿ 205 ರನ್ ಗಳಿಸಿದರು. ಮುಂದಿನ ಸರಣಿಗೆ ಕೈಬಿಟ್ಟರು. ಇದನ್ನು ನಾವು ಅಷ್ಟಾಗಿ ಆಕ್ಷೇಪಿಸುವುದಿಲ್ಲ. 25ರ ಹುಡುಗನಿಗೆ ಕೊಡಬೇಕಾದ ಕಾಲಾವಕಾಶವನ್ನು 33ರವನಿಗೆ ಕೊಡುವುದು ಕಷ್ಟವೇ. ನಮ್ಮ ತಕರಾರು 2017ರ ತೀರ್ಪಿನ ಮೇಲೆ. ಕರುಣ್ ಮಹಾ ಆಟಗಾರನಾಗುತ್ತಿದ್ದರೆಂದು ನಾವು ವಾದಿಸುತ್ತಿಲ್ಲ. ಆಗುತ್ತಿದ್ದರೋ ಇಲ್ಲವೋ ಎಂದು ತಿಳಿಯಲು ಬಿಡಲಿಲ್ಲ ಎಂಬುದೇ ನಮ್ಮ ದೂರು.

ಇನ್ನೊಂದು ವಿಚಿತ್ರ ನೋಡಿ. ಆ 303ಕ್ಕೆ ಮುಂಚಿನ ಎರಡು ಟೆಸ್ಟ್‌ಗಳಲ್ಲಿ, ಮೊಹಾಲಿ ಮತ್ತು ಮುಂಬಯಿಗಳಲ್ಲಿ, ಅವರ ಗಳಿಕೆ 4 ಮತ್ತು 13. ಆಗಲೇ ಆತುರಪಟ್ಟಿದ್ದರೆ ಚೇಪಾಕದ ಸೋಮವಾರವೇ ಇರುತ್ತಿರಲಿಲ್ಲ. ರಾಹುಲರ ಕಥೆಯೂ ಅದೇ. 2014ರ ಡಿಸೆಂಬರಿನಲ್ಲಿ ಮೆಲ್ಬರ್ನಿನ ಮೊದಲ ಟೆಸ್ಟಿನಲ್ಲಿ 3 ಮತ್ತು 1. "ಇವನು ಟೆಸ್ಟಿಗಲ್ಲ" ಎಂದು ಸುಲಭವಾಗಿ ಹೇಳಬಹುದಿತ್ತು. ಆದರೆ ಸಿಡ್ನಿಯಲ್ಲಿ ಮತ್ತೆ ಆಡಿಸಿದರು, 110 ಹೊಡೆದರು.

ಮೊದಲ ಪಂದ್ಯದಿಂದ ಏನೂ ತಿಳಿಯದೆಂಬುದಕ್ಕೆ ಹಿರಿಯ ಸಾಕ್ಷಿ ನಮ್ಮ ಗುಂಡಪ್ಪ ವಿಶ್ವನಾಥ್. 1969ರ ನವೆಂಬರಿನಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಸೊನ್ನೆಯ ಮೇಲೆ ಹೆದರಬೇಡ, ನೀನು ಶತಕ ಹೊಡೆಯುತ್ತೀ ಎಂದು ನಾಯಕ ಪಟೌಡಿ ಧೈರ್ಯ ಹೇಳಿದ್ದನ್ನು ವಿಶ್ವನಾಥರೇ ಸ್ಮರಿಸಿದ್ದಾರೆ. ಆದರೆ ಶತಕ ಬಂದ ಮೇಲೂ ಜನ ಸುಮ್ಮನಿದ್ದರೆ? ಅದಕ್ಕೆ ಮುಂಚೆ ಮೊದಲ ಟೆಸ್ಟಿನಲ್ಲೇ ಶತಕ ಹೊಡೆದ ಭಾರತೀಯರು – ಲಾಲಾ ಅಮರನಾಥ್, ಶೋಧನ್, ಮದರಾಸಿನ ಕೃಪಾಲ್ ಸಿಂಗ್, ಅಬ್ಬಾಸ್ ಅಲಿ ಬೇಗ್, ಹನುಮಂತ ಸಿಂಗ್ – ಯಾರೂ ಎರಡನೆಯ ಶತಕ ಕಂಡಿರಲಿಲ್ಲ. ಹಾಗಾಗಿ ಮೊದಲ ಶತಕವೇ ಅಪಶಕುನ ಎಂದರು! ವಿಶ್ವನಾಥರಿಗೂ ಎರಡನೆಯದು ಬಂದದ್ದು 1973ರಲ್ಲಿ. ಮೂರು ವರ್ಷದ ಮೇಲಿನ ಆ ಅವಧಿಯಲ್ಲಿ ಅವರನ್ನು ಕಿತ್ತೆಸೆದಿದ್ದರೆ, 1975ರ ಜನವರಿಯಲ್ಲಿ ಇದೇ ಚೇಪಾಕದಲ್ಲಿ ಆ್ಯಂಡಿ ರಾಬರ್ಟ್ಸ್‌ನ ಬೆಂಕಿಯ ಚೆಂಡುಗಳೆದುರು ಆಡಿದ ಅಜೇಯ 97 ನಮಗೆಲ್ಲಿ ದಕ್ಕುತ್ತಿತ್ತು? ಸೊನ್ನೆಯೂ ಸುಳ್ಳು ಹೇಳುತ್ತದೆ, ನೂರೂ ಸುಳ್ಳು ಹೇಳುತ್ತದೆ.

ಲೆಕ್ಕ ಬಲ್ಲವರಿಗೆ ಲೆಕ್ಕದಲ್ಲೇ ಹೇಳೋಣ. ವಿಶ್ವನಾಥ್ 155 ಟೆಸ್ಟ್ ಇನ್ನಿಂಗ್ಸುಗಳಲ್ಲಿ 14 ಶತಕ ಹೊಡೆದರು: ಸರಾಸರಿ ಹನ್ನೊಂದಕ್ಕೆ ಒಂದು. ದ್ರಾವಿಡ್ 286 ಇನ್ನಿಂಗ್ಸಿನಲ್ಲಿ 36: ಎಂಟಕ್ಕೆ ಒಂದು. ಈ ಮಹನೀಯರ ಬದುಕಿನಿಂದಲೇ ಕಣ್ಣು ಮುಚ್ಚಿ ನಾಲ್ಕು ಇನ್ನಿಂಗ್ಸಿನ ಒಂದು ತುಂಡು ಎತ್ತಿದರೂ ಅದರಲ್ಲಿ ಶತಕ ಇಲ್ಲದಿರುವ ಸಂಭವವೇ ಹೆಚ್ಚು. ಅಂದಮೇಲೆ ನಾಲ್ಕು ಇನ್ನಿಂಗ್ಸ್ ನೋಡಿ ಹೊಸಬನನ್ನು ಅಳೆಯುವವರು ಅಳೆಯುತ್ತಿರುವುದು ಆಟವನ್ನಲ್ಲ, ಅದೃಷ್ಟವನ್ನು. ಐಪಿಎಲ್‌ನಲ್ಲಂತೂ ಕೇಳುವುದೇ ಬೇಡ. ಆರನೆಯವನಾಗಿ ಬರುವ ದಾಂಡಿಗನಿಗೆ ಒಂದು ಪಂದ್ಯದಲ್ಲಿ ಹತ್ತು ಚೆಂಡು ಸಿಕ್ಕರೆ ಹೆಚ್ಚು. ಐದು ಪಂದ್ಯಕ್ಕೆ ಐವತ್ತು. ರಣಜಿ ಪಂದ್ಯದಲ್ಲಿ ಊಟದ ಹೊತ್ತಿಗೆ ಮುಂಚೆಯೇ ಮುಗಿಯುವಷ್ಟು ಆಟ! ಅಷ್ಟರ ಮೇಲೆ ಒಬ್ಬ ಯುವಕನ ಭವಿಷ್ಯ ಬರೆದು ಮೊಹರು ಒತ್ತುತ್ತೇವೆ.

ಕೆಲವೊಮ್ಮೆ ಆಡುವ ಮುಂಚೆಯೇ ಮೊಹರು ಬೀಳುವುದುಂಟು. 2021ರ ಫೆಬ್ರವರಿಯಲ್ಲಿ ಚೆನ್ನೈಯಲ್ಲೇ ನಡೆದ ಹರಾಜಿನಲ್ಲಿ ನಮ್ಮ ಕೆ. ಗೌತಮರಿಗೆ ಚೆನ್ನೈ ತಂಡ 9.25 ಕೋಟಿ ಕೂಗಿತು. ಆ ಋತುವಿನಲ್ಲಿ ಒಂದು ಪಂದ್ಯವನ್ನೂ ಆಡಿಸಲಿಲ್ಲ. ಬೆಲೆ ಕಟ್ಟಿದವರು ಅವರಲ್ಲ, ಆದರೆ ಗೇಲಿ ಅವರ ಪಾಲಿಗೆ. ಇತ್ತ ದೇವದತ್ತ ಪಡಿಕ್ಕಲ್ 2019ರ ಇಡೀ ಐಪಿಎಲ್ ಬೆಂಗಳೂರಿನ ಬೆಂಚಿನ ಮೇಲೆ ಕಳೆದರು. ಮರುವರ್ಷ ಅವಕಾಶ ಸಿಕ್ಕಾಗ 473 ರನ್ ಹೊಡೆದರು. ಅವರು ಕುಳಿತ ವರ್ಷ ಅವರಲ್ಲಿ ಏನೂ ಇರಲಿಲ್ಲವೆ?

ಈ ರೋಗ ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದ ವೃತ್ತಿಪರ ಬಾಸ್ಕೆಟ್‌ಬಾಲ್ ನೋಡುವ ನಮ್ಮ ಮಕ್ಕಳು ಕೋಬಿ ಬ್ರಯಂಟನ ಹೆಸರು ಬಲ್ಲರು. ಹೈಸ್ಕೂಲಿನಿಂದ ನೇರ ಬಂದ ಆ ಹದಿನೆಂಟರ ಹುಡುಗ ಮೊದಲ ಋತುವಿನ ಕೊನೆಗೆ, 1997ರ ಮೇ ತಿಂಗಳಲ್ಲಿ, ನಿರ್ಣಾಯಕ ಪಂದ್ಯದಲ್ಲಿ ಎಸೆದ ನಾಲ್ಕು ಚೆಂಡುಗಳು ಬುಟ್ಟಿಯ ಬಳೆಯನ್ನೂ ಮುಟ್ಟಲಿಲ್ಲ. ತಂಡ ಅವನನ್ನು ಉಳಿಸಿಕೊಂಡಿತು. ಅವನು ಆ ತಂಡಕ್ಕೆ ಐದು ಚಾಂಪಿಯನ್ ಪಟ್ಟ ತಂದುಕೊಟ್ಟ.

ಇಲ್ಲಿ ಬಲ್ಲವರು ಎರಡು ಆಕ್ಷೇಪ ಎತ್ತುತ್ತಾರೆ. "ನಿಜವಾದ ಪ್ರತಿಭೆ ಹೇಗಿದ್ದರೂ ಮರಳಿ ಬರುತ್ತದೆ, ಕುಂಬ್ಳೆ ಬರಲಿಲ್ಲವೆ?" ಎಂಬುದು ಒಂದು. ಹೌದು, ಬಂದರು. 1990ರ ಆಗಸ್ಟಿನಲ್ಲಿ ಮ್ಯಾಂಚೆಸ್ಟರಿನಲ್ಲಿ ಮೊದಲ ಟೆಸ್ಟ್ ಆಡಿ ಮೂರು ವಿಕೆಟ್ ಪಡೆದವರಿಗೆ ಎರಡನೆಯ ಟೆಸ್ಟ್ ಸಿಕ್ಕಿದ್ದು 1992ರ ಅಕ್ಟೋಬರಿನಲ್ಲಿ. ಇವರ ಚೆಂಡು ತಿರುಗುವುದಿಲ್ಲ ಎಂದ ಪಂಡಿತರಿಗೆ 619 ವಿಕೆಟ್‌ಗಳಿಂದ ಉತ್ತರ ಹೇಳಿದರು. ಆದರೆ ಮರಳಿ ಬಂದವರನ್ನು ಮಾತ್ರ ಎಣಿಸಿ "ನೋಡಿ, ಎಲ್ಲರೂ ಬರುತ್ತಾರೆ" ಎನ್ನುವುದು ಯಾವ ತರ್ಕ? ಬಾರದೆ ಉಳಿದವರ ಪಟ್ಟಿ ಯಾರ ಬಳಿಯಿದೆ? ಪ್ರವಾಹದಲ್ಲಿ ಈಜಿ ದಡ ಸೇರಿದವನನ್ನು ತೋರಿಸಿ ಪ್ರವಾಹದಿಂದ ಯಾರಿಗೂ ಹಾನಿಯಿಲ್ಲ ಎಂದ ಹಾಗಾಯಿತು.

ಎರಡನೆಯ ಆಕ್ಷೇಪ ತೂಕವುಳ್ಳದ್ದು. ಹನ್ನೊಂದೇ ಜಾಗ, ಕಾಯುವವರು ನೂರು. ಆಯ್ಕೆಗಾರರು ಎಂದಾದರೂ ಒಂದು ತೀರ್ಮಾನಕ್ಕೆ ಬರಲೇಬೇಕಲ್ಲ? ಖಂಡಿತ ಬರಬೇಕು. ತೀರ್ಪೇ ಬೇಡವೆಂದು ನಾವು ಹೇಳುವುದಿಲ್ಲ. ಹೊಸಬನನ್ನು ಕರೆಯುವಾಗಲೇ ಎಷ್ಟು ಪಂದ್ಯ ಆಡಿಸುತ್ತೇವೆಂದು ಅವನಿಗೆ ಹೇಳಿ, ಕೊಟ್ಟ ಮಾತಿಗೆ ನಿಲ್ಲಿ. ಎಷ್ಟು ಹೊಡೆದ ಎಂಬುದರ ಜೊತೆಗೆ ಹೇಗೆ ಔಟಾದ ಎಂಬುದನ್ನೂ ನೋಡಿ. ಒಂದೇ ತಪ್ಪಿಗೆ ಹತ್ತು ಸಲ ಬಲಿಯಾದವನಿಗೂ ಒಳ್ಳೆಯ ಚೆಂಡಿಗೆ ಔಟಾದವನಿಗೂ ವ್ಯತ್ಯಾಸವಿದೆ. ನಾಲ್ಕು ದಿನದ ಸೋಲಿನ ಮುಂದೆ ನಾಲ್ಕು ವರ್ಷದ ದುಡಿಮೆಯನ್ನೂ ತಕ್ಕಡಿಗೆ ಹಾಕಿ. 2015ರ ರಣಜಿ ಫೈನಲಿನಲ್ಲಿ ತಮಿಳುನಾಡಿನ ಮೇಲೆಯೇ 328 ಹೊಡೆದಿದ್ದ ಕರುಣರ ತಕ್ಕಡಿಯಲ್ಲಿ ಆ ತಟ್ಟೆಯೇ ಕಾಣಲಿಲ್ಲ. ದ್ರಾವಿಡ್ 1996ರ ಏಪ್ರಿಲಿನಲ್ಲಿ ಸಿಂಗಪುರದಲ್ಲಿ ಮೊದಲ ಏಕದಿನ ಪಂದ್ಯವಾಡಿ 3 ರನ್ ಮಾಡಿದರು. "ಇವರು ಒಂದು ದಿನದ ಆಟಕ್ಕಲ್ಲ" ಎಂಬ ಗೊಣಗಾಟ ಬಹಳ ಕಾಲ ನಡೆಯಿತು. ಆ ಆಟದ ಮೊದಲ ಶತಕವನ್ನು ಅವರು ಹೊಡೆದದ್ದು 1997ರ ಮೇ ತಿಂಗಳಲ್ಲಿ, ಚೇಪಾಕದಲ್ಲಿ. ಕೊನೆಗೆ ಏಕದಿನ ಪಂದ್ಯಗಳಲ್ಲಿ ಅವರು ಕೂಡಿಹಾಕಿದ್ದು ಹತ್ತು ಸಾವಿರಕ್ಕೂ ಮೇಲೆ.

ಊರು ಬಿಟ್ಟು ಬಂದ ನಮಗಂತೂ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಾಂಬಲಂ ಮಾರುಕಟ್ಟೆಯಲ್ಲಿ ಬಾಳೆಹಣ್ಣಿನ ಹೆಸರನ್ನು ತಮಿಳಿನಲ್ಲಿ ಸರಿಯಾಗಿ ಉಚ್ಚರಿಸಲು ನಮ್ಮಲ್ಲಿ ಎಷ್ಟು ಮಂದಿಗೆ ಎಷ್ಟು ತಿಂಗಳು ಹಿಡಿಯಿತು? ಕಚೇರಿಯಲ್ಲಿ ಮೊದಲ ತಿಂಗಳೇ "ಇವರು ಇಲ್ಲಿಗೆ ಹೊಂದಿಕೊಳ್ಳುವವರಲ್ಲ" ಎಂಬ ಮಾತು ಕಿವಿಗೆ ಬಿದ್ದದ್ದನ್ನು ಎಷ್ಟು ಮಂದಿ ಮರೆತಿದ್ದೇವೆ? ಆಗ ಯಾರೋ ಪುಣ್ಯಾತ್ಮರು ಒಂದು ವರ್ಷ ತಾಳಿದ್ದರಿಂದ ನಾವು ಇಲ್ಲಿ ಮನೆ ಮಾಡಿದ್ದೇವೆ, ಮಕ್ಕಳನ್ನು ಓದಿಸಿದ್ದೇವೆ. ನಾವು ಪಡೆದ ಆ ತಾಳ್ಮೆಯನ್ನು ಇನ್ನೊಬ್ಬರ ಮಗನಿಗೆ ಕೊಡುವುದಕ್ಕೆ ಏಕಿಷ್ಟು ಜಿಪುಣತನ?

ಆಯ್ಕೆ ಸಮಿತಿಯವರು ಈ ಪುಟ ಓದುವುದಿಲ್ಲ, ನಿಜ. ಆದರೆ ಟಿ.ವಿ.ಯ ಮುಂದೆ ಕೂರುವ ಪ್ರತಿ ಮನೆಯೂ ಒಂದು ಆಯ್ಕೆ ಸಮಿತಿಯೇ, ಮತ್ತು ಆ ಮನೆಯ ಮೂಲೆಯಲ್ಲಿ ಕೇಳುತ್ತ ಕುಳಿತ ಮಗುವೊಂದು ಇದ್ದೇ ಇರುತ್ತದೆ. ಮುಂದಿನ ಬೇಸಿಗೆಯಲ್ಲಿ ಹೊಸ ಹುಡುಗನೊಬ್ಬ ಎರಡು ರನ್ನಿಗೆ ಔಟಾದಾಗ ಸದಸ್ಯ ಬಂಧುಗಳು ಒಂದು ಗುಟುಕು ಕಾಫಿ ಕುಡಿದು ಸುಮ್ಮನಿರಬೇಕೆಂದು ನಮ್ಮ ವಿನಂತಿ. ಋತು ಮುಗಿಯಲಿ, ಆಮೇಲೆ ಬೇಕಾದಷ್ಟು ಮಾತಾಡೋಣ.

ಆ ಹುಡುಗನ ಮನೆಗೆ ನಾವು ಹೋಗಿ, ಅವನೆದುರಿಗೇ ನಮ್ಮ ಮಾತನ್ನು ಹಿಂದಕ್ಕೆ ತೆಗೆದುಕೊಂಡೆವು. ಅವನು ಏನೂ ಹೇಳಲಿಲ್ಲ. ಚೀಲ ಅಟ್ಟದಿಂದ ಇಳಿದಿದೆ ಎಂದು ಅವನ ತಾಯಿ ಮೊನ್ನೆ ತಿಳಿಸಿದರು. ಈಗ ಎಷ್ಟು ರನ್ ಹೊಡೆಯುತ್ತಿದ್ದಾನೆ ಎಂದು ನಾವು ಕೇಳಲಿಲ್ಲ.