ನಾಲ್ಕು ಕಾಲಿನ ಮೇಲೆ ಬಿದ್ದರೆ ಸಾಕೇ?

ತರಗತಿಯಲ್ಲಿ ಮೇಷ್ಟ್ರು ಆಡುವ ಮಾತುಗಳಲ್ಲಿ ಪರೀಕ್ಷೆಗೆ ಬೇಕಾದುದನ್ನು ಮಕ್ಕಳು ಮರೆಯುತ್ತಾರೆ, ನಡುವೆ ತಮಾಷೆಗೆ ಹೇಳಿದ್ದನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಇದು ನನ್ನ ಇಪ್ಪತ್ತೆಂಟು ವರ್ಷಗಳ ಅನುಭವ. ಗುರುತ್ವಾಕರ್ಷಣೆಯ ಪಾಠ ನಡೆಯುವಾಗ ಹಿಂದಿನ ಬೆಂಚಿನವರ ನಿದ್ದೆ ಬಿಡಿಸಲೆಂದು, "ಬೆಕ್ಕು ಎಲ್ಲಿಂದ ಬಿದ್ದರೂ ನಾಲ್ಕು ಕಾಲಿನ ಮೇಲೇ ನಿಲ್ಲುತ್ತದೆ, ನೋಡಿದ್ದೀರಾ?" ಎಂದು ಕೇಳುವುದು ನನಗೆ ರೂಢಿಯಾಗಿತ್ತು. ಮಕ್ಕಳು ನಗುತ್ತಿದ್ದರು. ಪಾಠ ಮುಂದುವರಿಯುತ್ತಿತ್ತು.

2018ರ ದೀಪಾವಳಿ ಕಳೆದ ಮೇಲೆ ಎಂಟನೇ ತರಗತಿಯ ಹುಡುಗನೊಬ್ಬ ಎರಡು ದಿನ ಶಾಲೆಗೆ ಬರಲಿಲ್ಲ. ಮೂರನೆಯ ದಿನ ಬಂದವನು ಗಂಟೆ ಬಾರಿಸಿದ ಮೇಲೂ ನನ್ನ ಮೇಜಿನ ಪಕ್ಕದಲ್ಲಿ ನಿಂತೇ ಇದ್ದ. "ಏನಪ್ಪಾ?" ಎಂದೆ. "ಸಾರ್, ನಮ್ಮ ಚಿನ್ನಿ ನಾಲ್ಕು ಕಾಲಿನ ಮೇಲೇ ಬಿತ್ತು. ಆದರೂ ಸತ್ತುಹೋಯ್ತು" ಎಂದ.

ಚಿನ್ನಿ ಅವರ ಮನೆಯ ಬೆಕ್ಕು. ಹತ್ತು ತಿಂಗಳ ಮರಿ. ಮೂರನೆಯ ಮಹಡಿಯ ಮನೆ. ಬೆಳಿಗ್ಗೆ ತೆರೆದಿದ್ದ ಕಿಟಕಿಯ ಅಂಚಿನಲ್ಲಿ ಕುಳಿತು ಪಾರಿವಾಳ ನೋಡುತ್ತಿದ್ದಾಗ, ಕೆಳಗೆ ಯಾರೋ ಉಳಿದಿದ್ದ ಪಟಾಕಿ ಹಚ್ಚಿದ್ದಾರೆ. ಬೆಚ್ಚಿದ ಬೆಕ್ಕು ಜಾರಿ ಬಿದ್ದಿದೆ. ಹುಡುಗ ಓಡಿ ಇಳಿದಾಗ ಅದು ಎದ್ದು ನಡೆದು ಮೆಟ್ಟಿಲ ಕೆಳಗೆ ಸೇರಿಕೊಂಡಿತ್ತು. ರಕ್ತವಿಲ್ಲ, ಗಾಯವಿಲ್ಲ. ಡಾಕ್ಟರ ಹತ್ತಿರ ಕರೆದೊಯ್ಯೋಣವೆಂದು ತಾಯಿ ಹೇಳಿದರೆ, "ಬೇಡಮ್ಮ, ಬೆಕ್ಕಿಗೆ ಏನೂ ಆಗಲ್ಲ ಅಂತ ನಮ್ಮ ಸಾರ್ ಹೇಳಿದ್ದಾರೆ" ಎಂದು ಇವನೇ ತಡೆದನಂತೆ. ರಾತ್ರಿ ಅದು ಬಾಯಿ ತೆರೆದು ಉಸಿರಾಡತೊಡಗಿತು. ಬೆಳಗಾಗಿ ಪಶುವೈದ್ಯರ ಬಳಿ ಒಯ್ಯುವಷ್ಟರಲ್ಲಿ ಮುಗಿದುಹೋಗಿತ್ತು. ಪುಪ್ಪುಸಕ್ಕೆ ಪೆಟ್ಟಾಗಿ ಎದೆಗೂಡಿನೊಳಗೆ ಗಾಳಿ ಸೋರಿತ್ತು ಎಂದರಂತೆ ವೈದ್ಯರು.

ಹುಡುಗ ನನ್ನನ್ನು ದೂರಲಿಲ್ಲ. ಕಾರಣ ತಿಳಿಯಲೆಂದು ಕೇಳಿದ್ದ, ಅಷ್ಟೆ. ನಾನು ಹೇಳಿದ್ದು ಪೂರ್ತಿ ಸುಳ್ಳೂ ಅಲ್ಲ, ಅರ್ಧ ಸತ್ಯ. ಆಮೇಲೆ ಕುಳಿತು ಓದಿ ತಿಳಿದುಕೊಂಡ ಉಳಿದರ್ಧವನ್ನು ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ತಿರುಗುವುದು ಹೇಗೆ?

ಬೆನ್ನು ಕೆಳಗಾಗಿ ಬೀಳುವ ಬೆಕ್ಕು ಗಾಳಿಯಲ್ಲೇ ಮಗುಚಿಕೊಳ್ಳುವುದು ನಿಜ. ಫ್ರಾನ್ಸಿನ ಶರೀರವಿಜ್ಞಾನಿ ಎತಿಯೆನ್ ಜೂಲ್ ಮಾರೆ 1894ರಲ್ಲಿ ಇದರ ಸರಣಿ ಛಾಯಾಚಿತ್ರ ತೆಗೆದು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟಾಗ ಪಂಡಿತರೇ ತಲೆ ಕೆರೆದುಕೊಂಡರು. ಒತ್ತಿ ತಿರುಗಲು ಗಾಳಿಯಲ್ಲಿ ನೆಲವಿಲ್ಲ, ಗೋಡೆಯಿಲ್ಲ. ಕೋನೀಯ ಸಂವೇಗ ಮೊದಲಿಗೆ ಸೊನ್ನೆಯಾಗಿದ್ದರೆ ಕೊನೆಯವರೆಗೂ ಸೊನ್ನೆಯಾಗಿಯೇ ಇರಬೇಕು. ಹಾಗಾದರೆ ಬೆಕ್ಕು ನಿಯಮ ಮುರಿಯಿತೇ?

ಇಲ್ಲ. ಬೆಕ್ಕು ಮರದ ಕೊರಡಲ್ಲ, ನಡು ಬಳುಕುವ ಪ್ರಾಣಿ. ಅದರ ಕೊರಳೆಲುಬು ಬಹಳ ಚಿಕ್ಕದು, ಬೇರೆ ಮೂಳೆಗೆ ಕೂಡಿಕೊಂಡಿಲ್ಲ. ಬೆನ್ನುಮೂಳೆ ಬಲು ಮೆತು. ತಾನು ತಲೆಕೆಳಗಾಗಿದ್ದೇನೆ ಎಂಬುದನ್ನು ಒಳಕಿವಿ ಕ್ಷಣದಲ್ಲಿ ತಿಳಿಸುತ್ತದೆ. ಕೂಡಲೇ ನಡು ಬಾಗಿಸಿ, ಮುಂಗಾಲು ಮಡಚಿ, ಹಿಂಗಾಲು ಚಾಚುತ್ತದೆ. ಆಗ ಮುಂಭಾಗ ಹೆಚ್ಚು ತಿರುಗುತ್ತದೆ, ಹಿಂಭಾಗ ವಿರುದ್ಧ ದಿಕ್ಕಿಗೆ ಸ್ವಲ್ಪವೇ ತಿರುಗುತ್ತದೆ. ಆಮೇಲೆ ಮುಂಗಾಲು ಚಾಚಿ, ಹಿಂಗಾಲು ಮಡಚಿ ಹಿಂಭಾಗವನ್ನೂ ತಿರುಗಿಸಿಕೊಳ್ಳುತ್ತದೆ. ಒಟ್ಟು ಲೆಕ್ಕ ಸೊನ್ನೆಯೇ. ಇದಕ್ಕೆ ಪೂರ್ಣ ಗಣಿತ ಕೊಟ್ಟವರು ಕೇನ್ ಮತ್ತು ಶೆರ್ ಎಂಬ ವಿಜ್ಞಾನಿಗಳು, 1969ರಲ್ಲಿ.

ಇದನ್ನು ಪರೀಕ್ಷಿಸಲು ಬೆಕ್ಕನ್ನು ಬೀಳಿಸಬೇಡಿ, ದಯವಿಟ್ಟು. ತಿರುಗುವ ಕುರ್ಚಿ ಸಾಕು. ಕಾಲು ನೆಲಕ್ಕೆ ತಾಗದಂತೆ ಕುಳಿತು, ಎರಡೂ ಕೈಯಲ್ಲಿ ದಪ್ಪ ಪುಸ್ತಕ ಹಿಡಿಯಿರಿ. ಕೈ ಚಾಚಿ ಬಲಕ್ಕೆ ಬೀಸಿ. ಎದೆಗೆ ಮಡಚಿಕೊಂಡು ಎಡಕ್ಕೆ ತನ್ನಿ. ಮತ್ತೆ ಚಾಚಿ ಬಲಕ್ಕೆ ಬೀಸಿ. ಯಾರೂ ತಳ್ಳದಿದ್ದರೂ ಕುರ್ಚಿ ಎಡಕ್ಕೆ ತಿರುಗುತ್ತಾ ಹೋಗುತ್ತದೆ. ಬೆಕ್ಕಿನ ಗುಟ್ಟು ಇದೇ.

ಈ ವಿದ್ಯೆ ಹುಟ್ಟುತ್ತಲೇ ಬರುವುದಿಲ್ಲ. ಮೂರು ನಾಲ್ಕು ವಾರಕ್ಕೆ ತೋರಿ, ಆರೇಳು ವಾರಕ್ಕೆ ಪಳಗುತ್ತದೆ. ಪುಟ್ಟ ಮರಿಗೂ ಕಾಯಿಲೆಯ ಬೆಕ್ಕಿಗೂ ಇದನ್ನು ನಂಬುವಂತಿಲ್ಲ. ತೀರಾ ಕಡಿಮೆ ಎತ್ತರದಿಂದ ಬಿದ್ದರೆ ತಿರುಗಲು ಸಮಯವೇ ಸಾಲದು.

ಲೆಕ್ಕ ಹಾಕಿ ನೋಡಿ

ಸರಿಯಾಗಿ ತಿರುಗಿ ಬಿತ್ತು ಎನ್ನೋಣ. ಮುಂದೇನು? ನಿಮ್ಮ ಪಠ್ಯಪುಸ್ತಕದ ಸೂತ್ರವನ್ನೇ ತೆಗೆದುಕೊಳ್ಳಿ. ಬೀಳುವ ವಸ್ತುವಿನ ವೇಗದ ವರ್ಗವೆಂದರೆ ಗುರುತ್ವ ವೇಗೋತ್ಕರ್ಷ ಮತ್ತು ಎತ್ತರದ ಗುಣಲಬ್ಧದ ಎರಡರಷ್ಟು. ಒಂದು ಮಹಡಿಗೆ 3 ಮೀಟರ್ ಹಿಡಿದರೆ ಮೂರನೆಯ ಮಹಡಿಯಿಂದ 9 ಮೀಟರ್. ಗಾಳಿಯ ತಡೆಯನ್ನು ಬಿಟ್ಟರೆ ನೆಲ ತಾಗುವಾಗಿನ ವೇಗ ಸೆಕೆಂಡಿಗೆ 13.3 ಮೀಟರ್, ಅಂದರೆ ಗಂಟೆಗೆ ಸುಮಾರು 48 ಕಿಲೋಮೀಟರ್. ನಿಮ್ಮ ತಂದೆಯವರ ಸ್ಕೂಟರಿನ ವೇಗ. ಬೀಳಲು ಹಿಡಿದ ಕಾಲ ಒಂದೂವರೆ ಸೆಕೆಂಡೂ ಇಲ್ಲ.

ಈ ವೇಗವನ್ನು ಬೆಕ್ಕು ತನ್ನ ಕಾಲು ಮಡಚುವಷ್ಟು ಜಾಗದಲ್ಲಿ ಸೊನ್ನೆಗೆ ತರಬೇಕು. ಆ ಜಾಗ 15 ಸೆಂಟಿಮೀಟರ್ ಎಂದುಕೊಳ್ಳಿ. ಬಿದ್ದ ಎತ್ತರ ಅದರ 60 ಪಟ್ಟು. ಹಾಗಾಗಿ ದೇಹದ ಮೇಲೆ ಬೀಳುವ ಸರಾಸರಿ ಬಲವೂ ಅದರ ತೂಕದ ಸುಮಾರು 60 ಪಟ್ಟು. 3 ಕಿಲೋ ತೂಗುವ ಬೆಕ್ಕಿನ ಮೇಲೆ ಎರಡು ಕ್ವಿಂಟಾಲಿಗೆ ಹತ್ತಿರದ ಭಾರ! ಒಂದೂವರೆ ಮೀಟರ್ ಎತ್ತರದ ಬೀರುವಿನಿಂದ ಹಾರಿದರೆ ಇದೇ ಲೆಕ್ಕದಲ್ಲಿ ಹತ್ತು ಪಟ್ಟು ಮಾತ್ರ. ಬೀರುವಿನಿಂದ ದಿನವೂ ಹಾರುವ ಬೆಕ್ಕನ್ನು ನೋಡಿ ಮೂರನೆಯ ಮಹಡಿಗೂ ಅದೇ ಧೈರ್ಯ ತಂದುಕೊಳ್ಳುವುದು ಎಲ್ಲಿ ತಪ್ಪೆಂದು ಈಗ ತಿಳಿಯಿತಲ್ಲ? ಕಾಲು ತಡೆಯಲಾರದ ಉಳಿದ ಪೆಟ್ಟು ಎದೆಗೆ ಬೀಳುತ್ತದೆ, ಗದ್ದಕ್ಕೆ ಬೀಳುತ್ತದೆ. ದವಡೆ ಮುರಿಯುವುದು, ಬಾಯೊಳಗಿನ ಅಂಗುಳ ಸೀಳುವುದು, ಪುಪ್ಪುಸಕ್ಕೆ ಪೆಟ್ಟಾಗುವುದು ಇದರಿಂದಲೇ.

ನ್ಯೂಯಾರ್ಕಿನ ಬೆಕ್ಕುಗಳು

ಎತ್ತರ ಹೆಚ್ಚಾದಷ್ಟೂ ಬೆಕ್ಕಿಗೆ ಒಳ್ಳೆಯದು ಎಂಬ ಮಾತನ್ನು ನೀವು ಎಲ್ಲಾದರೂ ಓದಿರಬಹುದು. ಇದರ ಮೂಲ ನ್ಯೂಯಾರ್ಕಿನ ಪಶು ಆಸ್ಪತ್ರೆಯೊಂದರ ಇಬ್ಬರು ವೈದ್ಯರು 1987ರಲ್ಲಿ ಪ್ರಕಟಿಸಿದ ವರದಿ. 1984ರಲ್ಲಿ ಐದು ತಿಂಗಳ ಅವಧಿಯಲ್ಲಿ ಎತ್ತರದ ಕಟ್ಟಡಗಳಿಂದ ಬಿದ್ದು ಅಲ್ಲಿಗೆ ಬಂದ ಬೆಕ್ಕುಗಳು 132. ಚಿಕಿತ್ಸೆ ಪಡೆದವುಗಳಲ್ಲಿ ನೂರಕ್ಕೆ 90 ಬದುಕಿದವು. 32ನೇ ಮಹಡಿಯಿಂದ ಬಿದ್ದ ಒಂದು ಬೆಕ್ಕೂ ಉಳಿಯಿತು. ಏಳನೇ ಮಹಡಿಯವರೆಗೆ ಗಾಯಗಳು ಹೆಚ್ಚುತ್ತಾ ಹೋಗಿ, ಅದರ ಮೇಲೆ ಕಡಿಮೆಯಾದಂತೆ ಕಂಡಿತು. ವೈದ್ಯರ ವಿವರಣೆ ಇದು: ಗಾಳಿಯ ತಡೆಯಿಂದ ಬೆಕ್ಕಿನ ವೇಗ ಗಂಟೆಗೆ ಸುಮಾರು 97 ಕಿಲೋಮೀಟರಿಗೆ ನಿಂತುಬಿಡುತ್ತದೆ. ವೇಗ ಹೆಚ್ಚುವುದು ನಿಂತ ಮೇಲೆ ಬೆಕ್ಕು ಮೈ ಸಡಿಲಿಸಿ, ಕಾಲು ಅಗಲಿಸಿ, ಪೆಟ್ಟನ್ನು ಹಂಚಿಕೊಳ್ಳುತ್ತದೆ.

ಈಗ ಒಂದು ಪ್ರಶ್ನೆ. ಆ ಲೆಕ್ಕದಲ್ಲಿ ಇಲ್ಲದವರು ಯಾರು? ನೆಲಕ್ಕೆ ಬಿದ್ದೊಡನೆ ಸತ್ತ ಬೆಕ್ಕುಗಳು. ಅವನ್ನು ಆಸ್ಪತ್ರೆಗೆ ಯಾರು ತರುತ್ತಾರೆ? ಮೇಲಿನ ಮಹಡಿಗಳಿಂದ ಬಿದ್ದು ಸತ್ತವು ಲೆಕ್ಕಕ್ಕೇ ಬಾರದಿದ್ದರೆ, ಉಳಿದವನ್ನಷ್ಟೇ ನೋಡಿ ಎತ್ತರ ಒಳ್ಳೆಯದೆಂದು ಹೇಳಿದಂತಾಗುತ್ತದೆ. ಎಸ್ಸೆಸ್ಸೆಲ್ಸಿಗೆ ಕಟ್ಟದೆ ಶಾಲೆ ಬಿಟ್ಟವರನ್ನು ಎಣಿಸದೆ ಶೇಕಡಾ ನೂರು ಫಲಿತಾಂಶ ಎಂದು ಬೋರ್ಡು ಹಾಕಿದ ಹಾಗೆ!

ಕ್ರೊವೇಷಿಯಾದ ಝಾಗ್ರೆಬ್‌ನಲ್ಲಿ ನಾಲ್ಕು ವರ್ಷ ಹೀಗೆ ಬಿದ್ದು ಬಂದ 119 ಬೆಕ್ಕುಗಳ ವಿವರ 2004ರಲ್ಲಿ ಪ್ರಕಟವಾಯಿತು. ಅಲ್ಲಿ ಏಳನೇ ಮಹಡಿ ಮತ್ತು ಅದಕ್ಕೂ ಮೇಲಿನಿಂದ ಬಿದ್ದವಕ್ಕೇ ಹೆಚ್ಚು ತೀವ್ರವಾದ ಗಾಯ, ಎದೆಯ ಪೆಟ್ಟು. ಇನ್ನೊಂದು ಸಂಗತಿ: ಬಿದ್ದವುಗಳಲ್ಲಿ ನೂರಕ್ಕೆ ಸುಮಾರು 60 ಒಂದು ವರ್ಷ ತುಂಬದವು. ಚಿನ್ನಿಯ ವಯಸ್ಸಿನವು. ಆದರೆ ನೂರಕ್ಕೆ 96 ಬದುಕಿದವು ಎಂಬುದನ್ನೂ ಗಮನಿಸಿ. ವೈದ್ಯರ ಕೈ ಸೇರಿದ ಬೆಕ್ಕು ಬಹಳ ಸಲ ಉಳಿಯುತ್ತದೆ. ನನಗೆ ಇಂದಿಗೂ ಚುಚ್ಚುವುದು ಈ ಅಂಕಿಯೇ.

ಕಿಟಕಿಯ ಕಡೆ ನೋಡಿ

ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತದೆ ಗಾದೆ. ಮೇಲಿನ ಮಹಡಿಯ ಕಿಟಕಿಯಲ್ಲಿ ಚೆಲ್ಲಾಟವೂ ಪ್ರಾಣಸಂಕಟವೂ ಬೆಕ್ಕಿಗೇ. ಪಾರಿವಾಳವನ್ನೋ ಪತಂಗವನ್ನೋ ಕಂಡರೆ ಅದಕ್ಕೆ ಬೇರೇನೂ ಕಾಣುವುದಿಲ್ಲ. ಮರದ ತೊಗಟೆಯಲ್ಲಿ ಉಗುರು ಕಚ್ಚುತ್ತದೆ. ಗ್ರಾನೈಟ್ ಹಾಸಿನಲ್ಲಿ, ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಎಲ್ಲಿ ಕಚ್ಚಬೇಕು? ಬಾಲ್ಕನಿಯ ಗೋಡೆಯ ಮೇಲೆ ಬಿಸಿಲು ಕಾಯುತ್ತಾ ನಿದ್ದೆಯಲ್ಲಿ ಮಗ್ಗುಲು ಬದಲಿಸಿ ಬೀಳುವ ಬೆಕ್ಕುಗಳೂ ಉಂಟು.

"ನಮ್ಮ ಕಿಟಕಿಗೆ ಗ್ರಿಲ್ ಇದೆ ಮೇಷ್ಟ್ರೇ" ಎನ್ನುವ ಪೋಷಕರಿಗೆ ನನ್ನ ಉತ್ತರ: ಅದು ಕಳ್ಳನಿಗಾಗಿ ಹಾಕಿದ್ದು, ಬೆಕ್ಕಿಗಾಗಿ ಅಲ್ಲ. ತಲೆ ತೂರಿದ ಕಡೆ ಬೆಕ್ಕಿನ ಮೈಯೂ ತೂರುತ್ತದೆ. ಅಂಟುಪಟ್ಟಿಯಿಂದ ಹಚ್ಚಿದ ಸೊಳ್ಳೆ ಪರದೆಯನ್ನು ಬೆಕ್ಕು ಒರಗಿದರೆ ಕಿತ್ತು ಬರುತ್ತದೆ, ಉಗುರು ಹಾಕಿದರೆ ಹರಿಯುತ್ತದೆ. ಜಾರುವ ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಿಟ್ಟರೆ ಪಂಜದಿಂದ ತಳ್ಳಿ ಅಗಲ ಮಾಡಿಕೊಳ್ಳುವ ಜಾಣ ಬೆಕ್ಕುಗಳಿವೆ. ಬಚ್ಚಲುಮನೆಯ ಗಾಜಿನ ಪಟ್ಟಿಗಳ ಕಿಟಕಿಯನ್ನಂತೂ ಎಲ್ಲರೂ ಮರೆಯುತ್ತಾರೆ.

ಬೇಕಾದ್ದು ಉಕ್ಕಿನ ತಂತಿ ಜಾಲರಿ. ಗ್ರಿಲ್ಲಿನ ಒಳಬದಿಗೆ ಚೌಕಟ್ಟು ಸಮೇತ ಸ್ಕ್ರೂ ಹಾಕಿ ಕೂರಿಸಬೇಕು. ಬಾಡಿಗೆ ಮನೆಯಲ್ಲಿ ಗೋಡೆ ಕೊರೆಯುವಂತಿಲ್ಲದಿದ್ದರೆ ಜಾಲರಿಯನ್ನು ಗ್ರಿಲ್ಲಿಗೇ ಗೇಣಿಗೊಂದರಂತೆ ತಂತಿಯಿಂದ ಬಿಗಿದು, ತಂತಿಯ ಮೊನೆಯನ್ನು ಹೊರಕ್ಕೆ ಮಡಚಿ. ಬಾಲ್ಕನಿಗೆ ಪಾರಿವಾಳದ ಬಲೆ ಹಾಕಿಸಿದ್ದರೆ ಅದರ ಅಂಚುಗಳನ್ನು, ಕೊಕ್ಕೆಗಳನ್ನು ಆಗಾಗ ನೋಡಿ. ನೈಲಾನ್ ಬಿಸಿಲಿಗೆ ಜೀರ್ಣವಾಗುತ್ತದೆ. ಪರೀಕ್ಷೆ ಸುಲಭ. ಅಂಗೈಯಿಂದ ಒತ್ತಿ, ಕೈಭಾರವನ್ನೆಲ್ಲ ಹಾಕಿ. ಕದಲಿದರೆ ಬೆಕ್ಕನ್ನು ತಡೆಯುವುದಿಲ್ಲ. ಹಾಗೆಯೇ ಬಿಸಿಲು ಬರುವ ಒಂದು ಭದ್ರವಾದ ಕಿಟಕಿಯ ಬಳಿ ಹಲಗೆ ಹಾಕಿಕೊಡಿ. ಹೊರಗೆ ನೋಡುವ ಆಸೆಯನ್ನು ಬೆಕ್ಕಿನಿಂದ ಕಿತ್ತುಕೊಳ್ಳುವುದು ಬೇಡ. ಹಬ್ಬದ ಪಟಾಕಿಯ ದಿನಗಳಲ್ಲಿ ಕಿಟಕಿ ಮುಚ್ಚಿದ ಕೋಣೆಯೇ ಕ್ಷೇಮ.

ಪುಟ್ಟ ಮಕ್ಕಳಿರುವ ಮನೆಯವರಿಗೆ ಇನ್ನೊಂದು ಮಾತು. ಇಲ್ಲಿ ಹೇಳಿದ ಜಾಲರಿ ಬೆಕ್ಕಿಗೆ ಮಾತ್ರ. ಮಗುವಿನ ಭಾರಕ್ಕೆ ಗಟ್ಟಿ ಗ್ರಿಲ್ಲೇ ಬೇಕು. ಕಿಟಕಿಯ ಕೆಳಗಿನ ಮಂಚ, ಸ್ಟೂಲುಗಳನ್ನು ದೂರ ಸರಿಸಿ.

ಬಿದ್ದೇಬಿಟ್ಟರೆ

ಮೊದಲು ಹತ್ತಿರದಲ್ಲೇ ಹುಡುಕಿ. ಹೆದರಿದ ಬೆಕ್ಕು ನಿಂತ ವಾಹನದ ಕೆಳಗೆ, ಮೆಟ್ಟಿಲ ಸಂದಿಯಲ್ಲಿ ಅವಿತಿರುತ್ತದೆ. ಕುತ್ತಿಗೆ ಹಿಡಿದು ಎತ್ತಬೇಡಿ. ಟವೆಲ್ ಹಾಸಿದ ರಟ್ಟಿನ ಪೆಟ್ಟಿಗೆಗೆ ಮೆಲ್ಲನೆ ಜರುಗಿಸಿ. ಹಾಲು, ನೀರು ಕುಡಿಸಬೇಡಿ. ನೋವಿಗೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆಯನ್ನು ಎಂದೂ ಕೊಡಬೇಡಿ. ಅದನ್ನು ಅರಗಿಸುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕಿಲ್ಲ, ಒಂದೇ ಮಾತ್ರೆ ಪ್ರಾಣ ತೆಗೆಯಬಹುದು. ವಸಡು ಬಿಳಿಚಿಕೊಂಡಿದ್ದರೆ, ಬಾಯಿ ತೆರೆದು ಉಸಿರಾಡುತ್ತಿದ್ದರೆ ಒಂದು ನಿಮಿಷವೂ ತಡ ಮಾಡಬೇಡಿ. ಎದ್ದು ಓಡಾಡುತ್ತಿದ್ದರೂ ಅಂದೇ ಪಶುವೈದ್ಯರಿಗೆ ತೋರಿಸಿ. ಎದೆಯ ಒಳಗಿನ ಪೆಟ್ಟು ಕೆಲವು ಗಂಟೆ ಕಳೆದ ಮೇಲೆ ತಲೆ ಎತ್ತುವುದುಂಟು.

ಆ ವರ್ಷದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ಆ ಹುಡುಗ ಒಂದು ಚಾರ್ಟು ಬರೆದು ತಂದ. ಒಂದು ಕಡೆ ಬೆಕ್ಕು ಮಗುಚಿಕೊಳ್ಳುವ ಚಿತ್ರ, ಇನ್ನೊಂದು ಕಡೆ ಮಹಡಿವಾರು ವೇಗದ ಪಟ್ಟಿ. ಲೆಕ್ಕವನ್ನು ನಾವಿಬ್ಬರೂ ಕೂಡಿ ಮಾಡಿದ್ದೆವು. ಬಹುಮಾನವೇನೂ ಬರಲಿಲ್ಲ. ಆದರೆ ಚಾರ್ಟಿನ ಮುಂದೆ ನಿಂತ ತಾಯಂದಿರಲ್ಲಿ ಇಬ್ಬರು ಜಾಲರಿ ಎಲ್ಲಿ ಸಿಗುತ್ತದೆಂದು ಅವನನ್ನೇ ಕೇಳಿದರು. ಅವನು ಹಾರ್ಡ್‌ವೇರ್ ಅಂಗಡಿಯ ದಾರಿಯನ್ನೂ, ಅಡಿಗೆ ಎಷ್ಟು ದರ ಎಂಬುದನ್ನೂ ಸರಿಯಾಗಿ ಹೇಳಿದ.

ನಾನು ಈಗಲೂ ತರಗತಿಯಲ್ಲಿ ಬೆಕ್ಕಿನ ಮಾತು ತೆಗೆಯುತ್ತೇನೆ. ಹಿಂದಿನ ಬೆಂಚಿನವರು ಈಗಲೂ ಎಚ್ಚರಾಗುತ್ತಾರೆ. ಆದರೆ ಈಗ ಕರಿಹಲಗೆಯ ಮೇಲೆ ಲೆಕ್ಕ ಮುಗಿಯುವವರೆಗೆ ಬೆಲ್ ಹೊಡೆದರೂ ಯಾರನ್ನೂ ಹೊರಗೆ ಬಿಡುವುದಿಲ್ಲ. ಈ ಭಾನುವಾರ ನೀವೂ ಒಂದು ಕೆಲಸ ಮಾಡಿ. ಮನೆಯ ಒಂದೊಂದು ಕಿಟಕಿಗೂ ಹೋಗಿ ಪರದೆಯನ್ನು ಅಂಗೈಯಿಂದ ಒತ್ತಿ ನೋಡಿ. ಕದಲಿದ ಕಿಟಕಿಗಳನ್ನು ಚೀಟಿಯಲ್ಲಿ ಬರೆದು ಅಪ್ಪ ಅಮ್ಮನ ಕೈಗೆ ಕೊಡಿ.